ಆನೆಮರಿಗೆ ಬೈಂಡ್ ಹಾಕಿದೆ

ಗೆಳೆಯರೇ, ಇವತ್ತು ಇನ್ಸ್‌ಪೆಕ್ಷನ್‌ಗೆ ಬಂದ ಸಾಹೇಬರು ನನ್ನನ್ನು ಹೊಗಳಿದರು. ಹೇಳಿಕೊಳ್ಳಲು ನಾಚಿಕೆಯಾಗುತ್ತಿದೆ.

ಅವರು ಬರುತ್ತಾರೆಂದೇ ನಿನ್ನೆ ಗುಂಡ್ಲುಪೇಟೆಯ ಎಸ್‌ಟಿಡಿ ಬೂತ್ ಪಕ್ಕದ ಅಂಗಡಿಯಿಂದ ಕಂದು ಕಾಗದ ತಂದು, ಶಾಲೆಯ ಚಿತ್ರಪುಸ್ತಕಗಳಿಗೆಲ್ಲ ಬೈಂಡ್ ಹಾಕಿ, ಮೇಲೆ ದುಂಡಗೆ ಹೆಸರು ಬರೆದಿದ್ದೆ.

ಬೆಳಿಗ್ಗೆ ಒಂದನೇ ಕ್ಲಾಸಿನ ಪುಟ್ಟಮಣಿ ಒಂದೊಂದೇ ಪುಸ್ತಕ ಎತ್ತಿ ನೋಡುತ್ತಿದ್ದಳು. ಅವಳ ಅವ್ವ ವಯನಾಡಿಗೆ ಮೆಣಸು ಕೀಳಲು ಹೋದಾಗಿನಿಂದ, ತಾಯಿಯ ಕಾಲಡಿಯಲ್ಲಿ ಮಲಗಿದ ಆನೆಮರಿಯ ಮುಖಪುಟವನ್ನು ಸವರದೆ ಅವಳು ಜಾಗದಲ್ಲಿ ಕೂರುವುದಿಲ್ಲ.

"ಮಿಸ್, ಆನೆಮರಿ ಎಲ್ಲೋಯ್ತು?"

"ಅಲ್ಲೇ ಅದೆ ಕಣಮ್ಮಿ. ಹೆಸರು ಬರ್ದಿಲ್ವಾ? ಓದ್ಕೊಂಡು ತಗೋ."

"ನಂಗೆ ಓದಕ್ಕೆ ಬರಕಿಲ್ವಲ್ಲ ಮಿಸ್" ಎಂದವಳೇ ಅತ್ತುಬಿಟ್ಟಳು.

ಒಂದನೇ ಕ್ಲಾಸಿಗೆ ಪಾಠ ಮಾಡುವವಳು ನಾನೇ. ಆದರೂ ಅದು ಹೊಳೆದಿರಲಿಲ್ಲ. ಆ ಪುಸ್ತಕದ ಬೈಂಡ್ ಹರಿಯಲು ಕೈ ಹಾಕಿದೆ. ಅಷ್ಟರಲ್ಲಿ ಜೀಪಿನ ಸದ್ದಾಯಿತು. ಕೈ ತೆಗೆದು, ಪುಸ್ತಕವನ್ನು ಸಾಲಿನಲ್ಲಿ ನೆಟ್ಟಗೆ ಇಟ್ಟೆ.

"ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದೀರಮ್ಮ!" ಎಂದರು ಸಾಹೇಬರು.

ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಮೂಗು ಒರೆಸಿಕೊಂಡು ಪುಟ್ಟಮಣಿಯೂ ತಟ್ಟಿದಳು. ಸಾಹೇಬರು ಮಾತಾಡಿದರೆ ಚಪ್ಪಾಳೆ ತಟ್ಟಬೇಕೆಂದು ಅವಳಿಗೆ ಚೆನ್ನಾಗಿಯೇ ಕಲಿಸಿದ್ದೇನೆ. ಓದು ಕಲಿಸುವುದೊಂದು ಬಾಕಿ.