ಅಂಬಿಕ ಹೇಳಿ ಅಳಿಸಿದ ನಂಬರುಗಳು

ಬಂಗಾರಪೇಟೆ ಬಜಾರಿನ ಮೂರ್ತಿಯವರ ಸೀರೆ ಅಂಗಡಿಗೆ ಬರುವ ಹೆಂಗಸರು ಒಳಗೆ ಕಾಲಿಡುತ್ತಲೇ ಕೇಳುವುದು ಒಂದೇ ಮಾತು: "ಅಂಬಿಕ ಅವ್ಳಾ ಅಂಗಡೀಲಿ?" ಇಲ್ಲವೆಂದರೆ ಅರ್ಧ ಜನ ಬಸ್ಸಿನ ನೆಪ ಹೇಳಿ ವಾಪಸ್ಸಾಗುತ್ತಾರೆ. ಧಾರೆ ಸೀರೆ ತೆಗೆಯಲು ಬಂದವರಂತೂ ಅವಳು ಊಟಕ್ಕೆ ಹೋಗಿದ್ದರೂ ಕಾದು ಕೂರುತ್ತಾರೆ. ಅವಳ ಕೈಗುಣ ಒಳ್ಳೆಯದು ಅಂತ ನಂಬಿಕೆ. ಅವಳು ಮಡಿಕೆ ಬಿಚ್ಚಿ ತೋರಿಸಿದ ಸೀರೆ ಉಟ್ಟು ಧಾರೆ ಎರೆಸಿಕೊಂಡವರು ಚೆನ್ನಾಗಿ ಬಾಳುತ್ತಾರಂತೆ. ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ನನ್ನ ಧಾರೆ ಸೀರೆ ಆರಿಸಿದ್ದು ನಮ್ಮತ್ತೆ, ಅದರ ಫಲ ಏನಾಯಿತು ಅಂತ ಇಲ್ಲಿ ಬರೆಯುವುದು ಬೇಡ.

ನಾನು ಕದಿರಮ್ಮ, ಆ ಅಂಗಡಿಯ ನೌಕರಳಲ್ಲ. ಮೆಟ್ಟಿಲ ಪಕ್ಕದ ಸಂದಿಯಲ್ಲಿ ಮೆಷಿನ್ ಹಾಕಿಕೊಂಡು ಸೀರೆಗೆ ಫಾಲ್ ಹಚ್ಚುತ್ತೇನೆ, ಸೆರಗಿಗೆ ಕುಚ್ಚು ಕಟ್ಟುತ್ತೇನೆ. ಜಾಗಕ್ಕೆ ಬಾಡಿಗೆ ಕೊಡುವವಳಾದ್ದರಿಂದ ಮೂರ್ತಿಯವರಿಗೆ ನಾನು ಹೆದರುವುದಿಲ್ಲ. ಅಂಬಿಕಳೂ ನಾನೂ ಚಿನ್ನದ ಗಣಿಯ ಊರಿಗಾಂನಲ್ಲಿ ಅಕ್ಕಪಕ್ಕದ ಮನೆಯವರು, ಬೆಳಗ್ಗೆ ಒಂದೇ ರೈಲಿಗೆ ಬರುವವರು. ಅವಳ ಗಂಡ ಗಿರಿ ಆಟೊ ಓಡಿಸುತ್ತಾನೆ. ನಮ್ಮಿಬ್ಬರನ್ನೂ ಸ್ಟೇಷನ್ನಿಗೆ ಬಿಟ್ಟು, ನನ್ನ ಬಾಯಿ ಬಗ್ಗೆ ಏನಾದರೂ ಒಂದು ತಮಾಷೆ ಮಾಡಿಯೇ ಹೋಗುತ್ತಾನೆ.

ಅಂಬಿಕ ಬೂದಿಕೋಟೆ ಕಡೆಯ ಹಳ್ಳಿಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಅಂಗಡಿಗೆ ಸೇರಿದ್ದು ಸೀರೆ ಮಡಿಸುವ ಕೆಲಸಕ್ಕೆ. ಗಿರಾಕಿಗಳು ಕೆದರಿ ಹೋದ ಸೀರೆಯ ರಾಶಿಯ ಹಿಂದೆ ಅವಳ ಮುಖವೇ ಕಾಣುತ್ತಿರಲಿಲ್ಲ. ಅವಳನ್ನು ಆ ರಾಶಿಯಿಂದ ಎಳೆದು ಸೀರೆ ತೋರಿಸುವ ಗಾದಿಯ ಮೇಲೆ ಕೂರಿಸಿದವಳು ಅರುಣಕುಮಾರಿ, ಆಗಿನ ಹಿರಿಯ ಸೇಲ್ಸ್ ಹೆಂಗಸು. "ಮದುವೆ ಸೀರೆ ತೋರಿಸೋವಾಗ ಹೆಣ್ಣಿನ ಮುಖ ನೋಡಬೇಡ ಕಣೆ, ಅವರಮ್ಮನ ಮುಖ ನೋಡು" ಅಂತ ಹೇಳಿಕೊಟ್ಟವಳು ಅವಳೇ. ಅಂಬಿಕಳ ಹೆರಿಗೆಯಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿಯೆಲ್ಲ ಕೂತಿದ್ದವಳೂ ಅವಳೇ. ಅಂಬಿಕಳಿಗೆ ಒಡಹುಟ್ಟಿದ ಅಕ್ಕ ಇಲ್ಲ. ಆ ಕೊರತೆ ಅವಳಿಗೆ ಗೊತ್ತಾಗದಂತೆ ಅರುಣ ನೋಡಿಕೊಂಡಳು.

ಹೋದ ದೀಪಾವಳಿ ಕಳೆದ ಮೇಲೆ ಅರುಣ ಕೆಲಸ ಬಿಟ್ಟು ರಾಬರ್ಟ್‌ಸನ್‌ಪೇಟೆಯಲ್ಲಿ ತನ್ನದೇ ಪುಟ್ಟ ಅಂಗಡಿ ತೆರೆದಳು. ಒಂದು ಬಾಗಿಲು, ಎರಡು ಬೀರು, ಮಿಕ್ಕ ವ್ಯಾಪಾರವೆಲ್ಲ ಫೋನಿನಲ್ಲಿ. ದಿನಾ ಬೆಳಗ್ಗೆ ವಾಟ್ಸಾಪ್ ಸ್ಟೇಟಸ್ಸಿಗೆ ಹೊಸ ಸೀರೆಯ ಫೋಟೊ ಹಾಕುತ್ತಿದ್ದಳು. ಅಂಬಿಕ ರೈಲಿನಲ್ಲಿ ಕೂತು ಪ್ರತಿಯೊಂದಕ್ಕೂ ಕೆಂಪು ಹೃದಯ ಒತ್ತುತ್ತಿದ್ದಳು. ಫೇಸ್‌ಬುಕ್ಕಿನಲ್ಲೂ ಒತ್ತಿದಳು. ಅಲ್ಲಿ ಒತ್ತಿದ್ದು ಊರಿಗೆಲ್ಲ ಕಾಣುತ್ತದೆ, ಮೂರ್ತಿಯವರಿಗೂ ಕಂಡಿತು.

ಮೂರ್ತಿ ಕೆಟ್ಟ ಮನುಷ್ಯ ಅಂತ ನಾನು ಹೇಳುವುದಿಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಾರೆ, ಸಂಬಳ ತಡ ಮಾಡುವುದಿಲ್ಲ. ಆದರೆ ಜನ ಫೋನಿನಲ್ಲೇ ಸೀರೆ ತರಿಸಿಕೊಳ್ಳಲು ಶುರು ಮಾಡಿದಾಗಿನಿಂದ ಅವರಿಗೆ ನೆಮ್ಮದಿ ಹೋಗಿತ್ತು. ಹಗ್ಗ ಕಂಡರೂ ಹಾವು ಅನ್ನುತ್ತಿದ್ದರು. ಒಂದು ಬುಧವಾರ ಬಾಗಿಲು ತೆಗೆಯುತ್ತಲೇ ಎಲ್ಲರನ್ನೂ ಗಾದಿಯ ಮುಂದೆ ನಿಲ್ಲಿಸಿ ಹೊಸ ಕಾನೂನು ಓದಿದರು. ಅಂಗಡಿಯಿಂದ ಪರಿಚಯವಾದ ಯಾವ ಗಿರಾಕಿಯ ನಂಬರೂ ನೌಕರರ ಸ್ವಂತ ಫೋನಿನಲ್ಲಿ ಇರಕೂಡದು. ಕೆಲಸ ಬಿಟ್ಟು ಹೋದವರ ಜೊತೆ ವಾಟ್ಸಾಪು, ಫೇಸ್‌ಬುಕ್ಕು ಯಾವುದೂ ಕೂಡದು. ಇನ್ನು ಮೇಲೆ ವಾರಕ್ಕೊಮ್ಮೆ ಫೋನ್ ತೋರಿಸಬೇಕು. ಒಪ್ಪದವರು ಬೇರೆ ಕಡೆ ನೋಡಿಕೊಳ್ಳಬಹುದು.

ಸಂಬಳ ಕೊಡುವ ಹೊತ್ತಿಗೆ ಒಡೆಯ ಸರಿ, ಬಾಗಿಲು ಹಾಕಿದ ಮೇಲೆ ನಮ್ಮ ನಂಟಿಗೂ ಇವನೇ ಒಡೆಯನಾ ಅಂತ ನನಗೆ ಮೈ ಉರಿಯಿತು. ಸಂದಿಯಿಂದಲೇ ಮೆಷಿನ್ನನ್ನು ಜೋರಾಗಿ ತುಳಿದೆ. ಒಳಗೆ ಹುಡುಗಿಯರೆಲ್ಲ ತಲೆ ಬಗ್ಗಿಸಿ ಅಲ್ಲೇ ಟಕಟಕ ಅಳಿಸಿದರು. ಅಂಬಿಕ ಮಾತ್ರ ಫೋನನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು.

"ಸಾರ್, ನಂಗೆ ಒಂದು ವಾರ ಟೈಮ್ ಕೊಡಿ. ಏಳಿ ತೆಗೀತೀನಿ."

"ಏನು ಹೇಳೋದು ಅದರಲ್ಲಿ? ಒತ್ತಿದರೆ ಹೋಗುತ್ತೆ."

"ಏಳ್ದೆ ಎಂಗೆ ತೆಗೆಯೋದು ಸಾರ್?"

ಮೂರ್ತಿಗೆ ಅರ್ಥವಾಗಲಿಲ್ಲ. ವಾರ ಕೊಟ್ಟರು. ಆದರೆ ಒಂದು ಷರತ್ತು ಹಾಕಿದರು: ಅರುಣಳ ಅಂಗಡಿಯ ಕಡೆ ಇನ್ನು ಮುಂದೆ ಸುಳಿಯುವುದಿಲ್ಲ ಅಂತ ಗಲ್ಲಾಪೆಟ್ಟಿಗೆಯ ಮೇಲಿನ ಲಕ್ಷ್ಮಿ ಪಟದ ಮುಂದೆ ಮಾತು ಕೊಡಬೇಕು. "ಈ ವಾರ ಕಳೆದ ಮೇಲೆ ಓಗಲ್ಲ ಸಾರ್" ಅಂದಳು ಅಂಬಿಕ. ಗಿರಿಯ ಆಟೊ ಗ್ಯಾರೇಜಿನಲ್ಲಿ ಬಿದ್ದಿದ್ದ ತಿಂಗಳು ಅದು. ಮನೆ ನಡೆಯುತ್ತಿದ್ದುದು ಇವಳ ಸಂಬಳದಲ್ಲಿ. ಅತ್ತ ದರಿ, ಇತ್ತ ಪುಲಿ.

ಸಂಜೆ ರೈಲಿನಲ್ಲಿ ನಾನು ಬೈದೆ. "ಆ ಹುಡ್ಗೀರ ತರ ಒತ್ತಿ ಬಿಸಾಕೋದು ತಾನೆ? ಅರುಣಂಗೆ ಗೊತ್ತಾಗೋದಾದ್ರೂ ಎಂಗೆ?"

"ನಂಗೆ ಗೊತ್ತಿರುತ್ತಲ್ಲಕ್ಕ," ಅಂದಳು. "ಒಬ್ಬರ ಮನೆಯಿಂದ ಎದ್ದು ಬರೋವಾಗ ಓಗಿಬತ್ತೀನಿ ಅಂತೀವಿ. ಏಳ್ದೆ ಎದ್ದು ಬರೋದು ಎಲ್ಲಿಂದ ಏಳು? ಸಾವಿನ ಮನೆಯಿಂದ. ಅವರೆಲ್ಲ ಬದುಕವ್ರೆ ಕಣಕ್ಕ."

ನಾನು ಬೈಯುವುದನ್ನು ಅಲ್ಲಿಗೇ ಬಿಟ್ಟೆ. ಅದು ದಿನಾ ಆಗುವ ಸಂಗತಿಯಲ್ಲ, ಗಿರಿಯನ್ನು ಕೇಳಿ ನೋಡಿ.

ಆ ವಾರವೆಲ್ಲ ರೈಲಿನಲ್ಲಿ ಅವಳದು ಇದೇ ಕೆಲಸ. ಒಬ್ಬೊಬ್ಬರಿಗೇ ಫೋನ್ ಮಾಡುವುದು, ಮಗು ಹೇಗಿದೆ, ಸೊಸೆ ಹೇಗಿದ್ದಾಳೆ ಅಂತ ಕೇಳುವುದು, ಆಮೇಲೆ ಮೆಲ್ಲಗೆ, "ನಿಮ್ಮ ನಂಬರು ತೆಗೀತಾ ಇದೀನಮ್ಮ, ಅಂಗಡಿ ರೂಲ್ಸು, ಬೇಜಾರು ಮಾಡ್ಕೋಬೇಡಿ, ಓಗಿಬತ್ತೀನಿ" ಅನ್ನುವುದು. ಮಾತು ಮುಗಿದ ಮೇಲೆ ಅವರ ಮಗಳ ಧಾರೆ ಫೋಟೊವನ್ನು ಒಮ್ಮೆ ನೋಡಿ ನಂಬರು ಅಳಿಸುತ್ತಿದ್ದಳು. ಸೀರೆ ಒಯ್ದವರು ಮದುವೆಯಾದ ಮೇಲೆ ಅವಳಿಗೆ ಫೋಟೊ ಕಳಿಸುವುದು ವಾಡಿಕೆ. ಕ್ಯಾಸಂಬಳ್ಳಿಯ ಚಿಕ್ಕವೆಂಕಟಮ್ಮ ಹಾಲಿನ ಡೇರಿಯಿಂದಲೇ ಕೂಗಾಡಿದ್ದು ಇಡೀ ಬೋಗಿಗೆ ಕೇಳಿಸಿತು.

"ನಂಬರು ತಗದ್ರೆ ತಗಿ, ನನ್ ಮೊಮ್ಮಗಳ ಧಾರೆ ಸೀರೆಗೆ ಕೈ ಇಕ್ಕೋಳು ನೀನೇ ಕಣಮ್ಮಿ! ಅದೇನು ರೂಲ್ಸು ಅಂತ ನಾನೇ ಬಂದು ಕೇಳ್ತೀನಿ ನಿಮ್ ಸಾವ್ಕಾರನ್ನ!"

ಎದುರು ಸೀಟಿನ ಹೆಂಗಸರು ನಕ್ಕರು. ಅಂಬಿಕಳೂ ನಕ್ಕಳು. ಆದರೆ ಅರುಣಳಿಗೆ ಮಾತ್ರ ಅವಳು ಫೋನ್ ಮಾಡಲಿಲ್ಲ. ಮಂಗಳವಾರ ಅಂಗಡಿಗೆ ರಜೆ. ಅವತ್ತು ಹೋಗಿ ಮುಖ ನೋಡಿಯೇ ಹೇಳಬೇಕು ಅಂತ ಇಟ್ಟುಕೊಂಡಿದ್ದಳು. ಜೊತೆಗೆ ಬಾ ಅಕ್ಕ ಅಂತ ನನ್ನನ್ನೂ ಕರೆದಳು.

ಅರುಣ ನಮ್ಮನ್ನು ಕಂಡವಳೇ ಅಂಗಡಿ ಬಾಗಿಲಲ್ಲಿ ಸ್ಟೂಲು ಹಾಕಿ, ಎದುರಿನ ಹೋಟೆಲಿನವನಿಗೆ ತಮಿಳಿನಲ್ಲಿ ಕೂಗಿ ಕಾಫಿ ತರಿಸಿದಳು. ಅಂಬಿಕ ಕಾಫಿ ಕುಡಿದು ಲೋಟ ಕೆಳಗಿಟ್ಟು, ಎಲ್ಲವನ್ನೂ ಇದ್ದ ಹಾಗೆ ಹೇಳಿದಳು. ಹೃದಯ ಒತ್ತಿದ್ದು, ಕಾನೂನು, ಪಟದ ಮುಂದೆ ಕೊಟ್ಟ ಮಾತು, ಏನನ್ನೂ ಮುಚ್ಚಿಡಲಿಲ್ಲ. ಅರುಣ ಕೇಳುತ್ತಾ ಕೇಳುತ್ತಾ ಒಂದು ಸೀರೆಯನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಕೆಲಸ ಉಳಿಸ್ಕೊ. ಗಿರಿ ಆಟೊ ಬೇರೆ ನಿಂತೋಗೈತೆ. ನಾನೇನು ಅಂದ್ಕೊಳಲ್ಲ," ಅಂದಳು.

ಅಂಬಿಕ ಅಕ್ಕನ ಎದುರಿಗೇ ನಂಬರು ಅಳಿಸಿದಳು. ಅರುಣ ಒಳಗೆ ಹೋಗಿ ಎಲೆ ಅಡಿಕೆ, ಒಂದು ರವಿಕೆ ಕಣ ತಂದು ಮಡಿಲಿಗೆ ಹಾಕಿ, ಕುಂಕುಮ ಇಟ್ಟಳು. "ಓಗಿ ಬಾ" ಅಂದಳು.

ಇನ್ನು ಇವಳು ಓಗಿಬತ್ತೀನಿ ಅನ್ನಬೇಕು. ಅನ್ನಲಿಲ್ಲ. ಬರುವುದಿಲ್ಲ ಅಂತ ದೇವರ ಮುಂದೆ ಮಾತು ಕೊಟ್ಟು ಬಂದವಳು, ಬರುತ್ತೇನೆ ಅಂತ ಸುಳ್ಳು ಹೇಗೆ ಹೇಳುತ್ತಾಳೆ? ತಿರುಗಿ ನೋಡದೆ ಮೆಟ್ಟಿಲಿಳಿದಳು. ನಾನು ತಿರುಗಿ ನೋಡಿದೆ. ಅಲ್ಲಿಯ ತನಕ ನಗುನಗುತ್ತಲೇ ಇದ್ದ ಅರುಣಳ ಮುಖ ಸತ್ತವರ ಮನೆಯವರ ಮುಖದ ಹಾಗೆ ಆಗಿತ್ತು.

"ಇನ್ನೊಬ್ರು ಉಳ್ಕೊಂಡವ್ರೆ," ಅಂದಳು ಅಂಬಿಕ, ಬಸ್ ಸ್ಟ್ಯಾಂಡಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ. "ಅಕ್ಕಯ್ಯಮ್ಮ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕಯ್ಯಮ್ಮ ಅಂದರೆ ಮೂರ್ತಿಯವರ ಹೆತ್ತ ತಾಯಿ. ಕಣ್ಣಿನ ಆಪರೇಷನ್ ಆದಾಗ ಅಂಬಿಕ ಅವರಿಗೆ ಮೆತ್ತನೆಯ ಹತ್ತಿ ಸೀರೆಗಳನ್ನು ಆರಿಸಿ ಮನೆಗೆ ಕೊಟ್ಟು ಬಂದಿದ್ದಳು. ಅಂದಿನಿಂದ ಮುದುಕಿ ದಿನಾ ಬೆಳಗ್ಗೆ ಇವಳಿಗೆ ವಾಯ್ಸ್ ಮೆಸೇಜು ಕಳಿಸುತ್ತಿತ್ತು: "ಏಮ್ಮಾ, ಎದ್ಯಾ? ನಾಷ್ಟ ಏನು ಮಾಡ್ದೆ?" ಮಗನಿಗೆ ಇದರ ಸುಳಿವೇ ಇರಲಿಲ್ಲ.

"ಅವರನ್ನ ಬಿಡೇ, ಯಾರು ಕೇಳ್ತಾರೆ?" ಅಂದೆ.

"ಅಂಗಡಿಯಿಂದ ತಾನೆ ಅಕ್ಕ ಅವರ ಪರಿಚಯ ಆಗಿದ್ದು? ರೂಲ್ಸು ಅಂದ್ರೆ ಎಲ್ರಿಗೂ ರೂಲ್ಸೇ. ಅರುಣಕ್ಕನ್ನೇ ತೆಗೆದಿದ್ದೀನಿ," ಅಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಾನಾಗಿದ್ದರೆ ಇರುತ್ತಿತ್ತು.

ಬಂಗಾರಪೇಟೆಗೆ, ಮೂರ್ತಿಯವರ ಮನೆಗೆ ಬಂದೆವು. ಅಕ್ಕಯ್ಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಮೂರ್ತಿ ಒಳಗೆ ಊಟಕ್ಕೆ ಕೂತಿದ್ದು ಬಾಗಿಲಿಂದ ಕಾಣುತ್ತಿತ್ತು. ಅಂಬಿಕ ಮೆಟ್ಟಿಲ ಮೇಲೆ ಕೂತು, ಮುದುಕಿಯ ಜೊತೆ ತಾನೂ ನಾಲ್ಕು ಕಾಯಿ ಸುಲಿದು, "ಅಮ್ಮ, ನಿಮ್ಮ ನಂಬರು ತೆಗೀಬೇಕು. ಏಳಿ ಓಗಣ ಅಂತ ಬಂದೆ" ಅಂದಳು.

"ಯಾಕಮ್ಮಾ? ನಾನೇನು ಸತ್ತೋದ್ನಾ?"

ಅಂಬಿಕ ಕಾನೂನು ವಿವರಿಸಿದಳು. ಆಮೇಲೆ ಅರುಣಳ ಅಂಗಡಿಯಿಂದ ಬಂದದ್ದು, ಹೇಳದೆ ಎದ್ದು ಬಂದದ್ದು. ಅಲ್ಲಿಗೆ ಬಂದಾಗ ಅವಳ ದನಿ ಒಡೆಯಿತು. ಅಕ್ಕಯ್ಯಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಲೇ ಮೂರ್ತಿ! ಬಾರ್ಲಾ ಇಲ್ಲಿ."

ಊರಿಗೇ ಸಾಹುಕಾರನಾದ ಮಗ ಎಂಜಲು ಕೈಯಲ್ಲೇ ಎದ್ದು ಬಂದ. "ಅಮ್ಮಾ, ಅದು ನಿನಗಲ್ಲ, ಗಿರಾಕಿಗಳಿಗೆ..."

"ನಾನು ನಿನ್ನಂಗಡಿ ಸೀರೆ ಉಟ್ಟಿಲ್ವಾ? ನನ್ನೆದುರಿಗೇ ತೆಗೆಸು ಇವಳ ಕೈಲಿ. ಆಮೇಲೆ ಇವಳು ಓಗಿಬತ್ತೀನಿ ಅನ್ನದೆ ಎದ್ದು ಓಗ್ಲಿ. ನೋಡ್ತೀನಿ, ನೀನು ನೋಡ್ಕೊಂಡು ನಿಂತ್ಕೊತೀಯಾ ಅಂತ."

ಅಕ್ಕಯ್ಯಮ್ಮ ದನಿ ತಗ್ಗಿಸಿದರು. ಬೈಗುಳಕ್ಕಿಂತ ಅದೇ ಹೆಚ್ಚು ತಾಗುವಂತಿತ್ತು.

"ನಿಮ್ಮಪ್ಪ ಸತ್ತೋದಾಗ ತಿಥಿ ತನಕ ಈ ಮನೆ ಒಲೆ ನೋಡ್ಕೊಂಡೋಳು ಅರುಣ. ದಿನಾ ಸಂಜೆ ಏಳ್ದೆ ಎದ್ದು ಓಗೋಳು. ಅದು ಸರಿ, ಆಗ ಸಾವಿನ ಮನೆ ಇದು. ಇವತ್ತು ಅವಳು ಬದುಕಿರೋವಾಗ, ಬೋಣಿ ಮಾಡ್ಕೊಂಡು ಕೂತಿರೋವಾಗ, ಅವಳ ಅಂಗಡಿಯಿಂದ ಇವಳನ್ನ ಅಂಗೇ ಎಬ್ಬಿಸಿದ್ಯಲ್ಲಪ್ಪ."

"ನನ್ನಂಗಡಿ ಉಳೀಬೇಕಲ್ಲಮ್ಮ," ಅಂದರು ಮೂರ್ತಿ. ನಿಜವಾದ ಭಯವೇ ಅದು. ನನಗೂ ಒಂದು ಗಳಿಗೆ ಅಯ್ಯೋ ಅನ್ನಿಸಿತು.

"ಜನ ಬರೋದು ಇವಳ ಕೈ ನಂಬಿ ಕಣ್ಲಾ. ಕೈ ಕಟ್ಟಿ ಇಕ್ಕಿದ್ರೆ ಯಾರು ಬತ್ತಾರೆ?"

ಮೂರ್ತಿ ಕೈ ತೊಳೆಯಲು ಹೋದವರು ತುಂಬ ಹೊತ್ತು ಬರಲಿಲ್ಲ. ನಾವು ಹೊರಟೆವು. ಅಕ್ಕಯ್ಯಮ್ಮನ ನಂಬರು ಅಂಬಿಕಳ ಫೋನಿನಲ್ಲೇ ಉಳಿಯಿತು.

ಬುಧವಾರ ಫೋನ್ ತೋರಿಸುವ ದಿನ. ಅಂಬಿಕ ತಾನಾಗಿಯೇ ಗಲ್ಲಾಪೆಟ್ಟಿಗೆಯ ಮೇಲೆ ಫೋನ್ ಇಟ್ಟಳು. ಮೂರ್ತಿ ಅದನ್ನು ಮುಟ್ಟದೆ ಅವಳ ಕಡೆಗೇ ತಳ್ಳಿದರು.

"ಗಿರಾಕಿಗಳ ನಂಬರು ಅಂಗಡಿ ಫೋನಲ್ಲೂ ಹಾಕಿಡಮ್ಮ, ಅಷ್ಟು ಸಾಕು," ಅಂದರು. ಪಟದ ಕಡೆ ನೋಡಿ, ಕೆಮ್ಮಿ, "ಆ ಮಾತು... ನಾನೇ ವಾಪಸ್ ತಗೊಂಡಿದೀನಿ. ತಪ್ಪು ನಿನಗೆ ಬರಲ್ಲ" ಅಂದರು. ಕ್ಷಮಿಸು ಅನ್ನಲಿಲ್ಲ. ಅಷ್ಟು ದೊಡ್ಡ ಮಾತು ಗಾದಿಯ ಮೇಲೆ ಕೂತವರ ಬಾಯಿಂದ ಬರುವುದಿಲ್ಲ, ನಾವು ಕಾಯಲೂ ಇಲ್ಲ.

ಗಿರಾಕಿಗಳ ನಂಬರುಗಳು ತಾವಾಗಿಯೇ ವಾಪಸ್ ಬಂದವು. ಅವಳು ಹಾಗೆ ಹೇಳಿ ಹೋದದ್ದೇ ಒಂದು ನೆಪವಾಗಿ, ಹೇಗಿದ್ದೀಯ, ಕೆಲಸ ಇದೆಯಾ ಅಂತ ಅವರೇ ಫೋನ್ ಮಾಡಿದರು. ಅರುಣ ಮಾತ್ರ ಮಾಡಲಿಲ್ಲ. ಅವಳ ನಂಬರು ಅಂಬಿಕಳಿಗೆ ಬಾಯಿಪಾಠ. ಬುಧವಾರ ರಾತ್ರಿಯೇ ಮಾಡಿದಳು, ಎತ್ತಲಿಲ್ಲ. ಗುರುವಾರವೂ ಇಲ್ಲ. ಅಂಬಿಕ ರೈಲಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂರಲು ಶುರು ಮಾಡಿದಳು. ಕೆಲಸ ಉಳಿದಿದೆಯಲ್ಲ, ಅಷ್ಟಾದರೂ ಆಯಿತಲ್ಲ ಅಂತ ನಾನು ಅಂದರೆ, "ಅಕ್ಕನ್ನ ಕಳ್ಕೊಂಡು ಉಳಿಸ್ಕೊಂಡೆ" ಅಂದಳು.

ಮತ್ತೆ ಮಂಗಳವಾರ ಬಂತು. ನಾನೇ ಅವಳನ್ನು ಎಬ್ಬಿಸಿ ರಾಬರ್ಟ್‌ಸನ್‌ಪೇಟೆಗೆ ಕರೆದುಕೊಂಡು ಹೋದೆ. ಅರುಣ ಒಳಗೆ ಬೀರುವಿನ ಮುಂದೆ ನಿಂತಿದ್ದಳು. ನಮ್ಮನ್ನು ನೋಡಿದಳು, ಸ್ಟೂಲು ಹಾಕಲಿಲ್ಲ.

ಅಂಬಿಕ ಒಳಗೂ ಹೋಗಲಿಲ್ಲ. ಹೊಸಿಲಾಚೆ ನಿಂತುಕೊಂಡೇ, ಸ್ಕೂಲು ಹುಡುಗಿಯಂತೆ ಕೈ ಕಟ್ಟಿ ಹೇಳಿದಳು:

"ಅಕ್ಕಾ, ಓಗಿಬತ್ತೀನಿ."

"ಈಗ ತಾನೆ ಬಂದಿದೀಯಲ್ಲೇ," ಅಂದಳು ಅರುಣ, ಬೀರುವಿನ ಮುಂದಿನಿಂದ ಕದಲದೆ.

"ಇದು ಇವತ್ತಿನದಲ್ಲ ಅಕ್ಕ. ಓದ ಮಂಗಳವಾರದ್ದು. ಅವತ್ತು ಏಳಕ್ಕಾಗ್ಲಿಲ್ಲ."

ಅರುಣ ಸೆರಗಿನಿಂದ ಮೂಗೊರೆಸಿಕೊಂಡು, ಎದುರಿನ ಹೋಟೆಲಿನವನಿಗೆ ಮೂರು ಕಾಫಿ ಅಂತ ಕೂಗಿ ಹೇಳಿ, ಸ್ಟೂಲುಗಳನ್ನು ಎಳೆದು ಹಾಕಿದಳು.