ಹಲೋ ಅಕ್ಕನ ತಂತಿ

ಹಲೋ ಅಕ್ಕ ತೀರಿಕೊಂಡ ವಾರದಲ್ಲೇ ನಮ್ಮ ಕಟ್ಟಡದ ಕಾರ್ಯದರ್ಶಿ ನನ್ನ ಬಾಗಿಲು ತಟ್ಟಿ, ಗಂಟಲು ಸರಿಮಾಡಿಕೊಂಡು, "ಇನ್ನು ಆ ತಂತಿ ತೆಗೆಸಬಹುದಲ್ವಾ?" ಎಂದರು. ಅವರಿಗೆ ಏನು ಉತ್ತರ ಕೊಟ್ಟೆ ಎನ್ನುವುದಕ್ಕಿಂತ ಮೊದಲು ಅವಳ ವಿಷಯ ಹೇಳಬೇಕು.

ನಾವಿಬ್ಬರೂ ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಬೋರ್ಡಿನ ಮುಂದೆ ಪಕ್ಕಪಕ್ಕ ಕೂತು ತಲೆ ನರೆಸಿಕೊಂಡವರು. ಅವಳು "ಹಲೋ" ಎನ್ನುವ ಧಾಟಿ ಕೇಳಿ ನರ್ಸುಗಳು ಇಟ್ಟ ಹೆಸರು ಅದು. ಕರೆ ಕೂಡಿಸಬೇಕು, ಕೂಡಿದ ಕೂಡಲೇ ನಮ್ಮ ಕಿವಿ ಅಲ್ಲಿಂದ ಏಳಬೇಕು. ಹೆರಿಗೆಯ ಸುದ್ದಿಯೋ ಸಾವಿನ ಸುದ್ದಿಯೋ, ಮಾತು ಶುರುವಾಗುವ ಹೊತ್ತಿಗೆ ನಾವು ಇರಕೂಡದು. ಆ ನಿಯಮವನ್ನು ಅವಳು ಒಮ್ಮೆಯೂ ಮುರಿಯಲಿಲ್ಲ, ಕ್ಷಮಿಸಲೂ ಇಲ್ಲ.

ನಿವೃತ್ತಿಯಾದ ವರ್ಷ ಅವಳ ತಮ್ಮ ತನ್ನ ಹಳೆಯ ಹ್ಯಾಮ್ ಸೆಟ್ಟನ್ನು ತಂದುಕೊಟ್ಟ. ಕೇಳುವುದಕ್ಕೂ ಮಾತಾಡುವುದಕ್ಕೂ ಆಗುವ, ಹವ್ಯಾಸಿಗಳ ರೇಡಿಯೊ ಅದು. ತಮ್ಮನ ಒತ್ತಾಯಕ್ಕೆ ಪರೀಕ್ಷೆ ಬರೆದು ಪರವಾನಗಿಯನ್ನೂ ಪಡೆದಿದ್ದಳು. ಆದರೆ ಸೆಟ್ಟು ಮೇಜಿನ ಮೇಲೆ ಕೂತ ದಿನವೇ ಮೈಕು ಬಿಚ್ಚಿ ಅವನ ಕೈಗಿಟ್ಟಳು. "ಇದು ನಿನ್ನ ಹತ್ರಾನೇ ಇರ್ಲಿ ಕಣೋ." ಮೈಕಿನ ತೂತಿಗೆ ಒಂದು ಬಿರಡೆ ಬಿತ್ತು. ಆಮೇಲೆ ಶಾರ್ಟ್‌ವೇವಿನ ಆ ತುದಿಯಿಂದ ಈ ತುದಿಯವರೆಗೆ ಬರೀ ಕೇಳುವುದು.

ತಮ್ಮನ ಕ್ಲಬ್ಬಿನವರು ಅವಳನ್ನು ರೇಗಿಸದೆ ಬಿಡಲಿಲ್ಲ.

"ಏನಕ್ಕಾ, ಲಾರಿ ತಗೊಂಡು ಮನೆ ಮುಂದೆ ನಿಲ್ಲಿಸಿ, ಸೀಟಲ್ಲಿ ಕೂತು ಗಾಳಿ ತಗೊಂಡ ಹಾಗಾಯ್ತಲ್ಲ?"

"ಮಾತಾಡೋಕೆ ನೀವಿಷ್ಟು ಜನ ಗಂಡಸರಿದ್ದೀರಲ್ಲಪ್ಪಾ. ಕೇಳೋಕೆ ಒಬ್ಬಳಾದ್ರೂ ಬೇಡ್ವಾ?"

ಯಾವುದೋ ದೇಶದ ವಾರ್ತೆ, ಯಾವುದೋ ಭಾಷೆಯ ಹಾಡು. ನಾನು ಎದುರು ಮನೆಯವಳು. ಸಂಜೆ ಹೋಗಿ ಅವಳ ಪಕ್ಕ ಕೂರುತ್ತಿದ್ದೆ. "ಅರ್ಥ ಆಗುತ್ತೇನೇ?" ಎಂದು ಒಮ್ಮೆ ಕೇಳಿದೆ. "ಬೋರ್ಡಲ್ಲಿ ಅರ್ಥ ಆಗ್ತಿತ್ತು, ಕೇಳೋ ಹಾಗಿರಲಿಲ್ಲ. ಇಲ್ಲಿ ಕೇಳಬಹುದು, ಅರ್ಥ ಆಗಲ್ಲ. ಸರಿಹೋಯ್ತು ಬಿಡು," ಎಂದು ನಕ್ಕಳು.

ದೂರದ ನಿಲಯದ ದನಿ ಏರಿಳಿದು ಒಡೆಯತೊಡಗಿದಾಗ ಅವಳ ಕೈ ನೋಡಬೇಕಿತ್ತು. ಹ್ಯಾಮ್‌ಗಳ ಮಾತು ಕೇಳಲೆಂದೇ ಇರುವ, ನಿಲಯದ ಒಂದೇ ಪಕ್ಕವನ್ನು ಹಿಡಿಯುವ ಗುಂಡಿ ಒತ್ತುವಳು. ಕೂಡಲೇ ಒಂದು ಸಿಳ್ಳೆ ಏಳುತ್ತಿತ್ತು. ದೊಡ್ಡ ತಿರುಗಣೆಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದರೆ ಸಿಳ್ಳೆ ಇಳಿದು ಇಳಿದು ಸತ್ತೇಹೋಗುವುದು, ದನಿ ನೆಟ್ಟಗೆ ಎದ್ದು ಕೂರುವುದು. "ಸ್ಟೇಷನ್ನಿಗೆ ಎರಡು ಪಕ್ಕ ಇರುತ್ತೆ ಕಣೇ. ಒಂದು ಕಡೆ ಗಲಾಟೆಯವನು ಬಂದು ಕೂತ್ರೆ ನಾವ್ಯಾಕೆ ಎದ್ದು ಹೋಗ್ಬೇಕು? ಇನ್ನೊಂದು ಪಕ್ಕಕ್ಕೆ ಹೊರಳಬೇಕು, ಅಷ್ಟೇ."

ಗಲಾಟೆಯವರು ರೇಡಿಯೊದ ಆಚೆಗೂ ಇದ್ದರು. ಟೀವಿ ಬಿಟ್ಟುಬಿಟ್ಟು ಬರುತ್ತಿದೆ, ತಾರಸಿಯ ಮೇಲಿರುವ ಇವಳ ರೇಡಿಯೊ ತಂತಿಯೇ ಕಾರಣ ಎಂದು ದೂರು ಹೋಯಿತು. ಕಾರ್ಯದರ್ಶಿ ಬಂದರು.

"ನೀವು ಗಾಳೀಲಿ ಏನೋ ಬಿಡ್ತೀರಂತಲ್ಲ ಅಮ್ಮಾ."

"ಬಿಡೋದಲ್ಲ ಸ್ವಾಮಿ, ಹಿಡಿಯೋದು. ಬನ್ನಿ, ಬಿರಡೆ ನೋಡಿ."

ಅವರು ಬಿರಡೆ ನೋಡಲಿಲ್ಲ. "ಬಟ್ಟೆ ಒಣಗಿಸೋ ಹಗ್ಗ ಬಿಟ್ಟು ತಾರಸಿ ಮೇಲೆ ಬೇರೇನೂ ಇರಕೂಡದು. ಸಭೆಯ ತೀರ್ಮಾನ," ಎಂದರು. ಭಾನುವಾರ ಕಾವಲುಗಾರ ತಂತಿ ಕತ್ತರಿಸಿ, ಸುರುಳಿ ಸುತ್ತಿ ಅವಳ ಬಾಗಿಲಲ್ಲಿಟ್ಟ.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಸೋಮವಾರ ತನ್ನ ಪಾಲಿನ ನೈಲಾನ್ ಹಗ್ಗ ಬಿಚ್ಚಿ ಅದೇ ಜಾಗದಲ್ಲಿ ಹೊಸ ತಂತಿ ಕಟ್ಟಿದಳು. ಮೊದಲ ಸಲ ಸೆಟ್ಟು ಸತ್ತಂತೆ ಬಿದ್ದಿತ್ತು. ಆತುರದಲ್ಲಿ ತಂತಿಯ ಬೆತ್ತಲೆ ತುದಿಯನ್ನು ನೀರಿನ ಕಬ್ಬಿಣದ ಕೊಳವೆಗೇ ಬಿಗಿದಿದ್ದಳು. ಹಿಡಿದದ್ದೆಲ್ಲ ನೆಲಕ್ಕೆ ಇಳಿದುಹೋಗುತ್ತಿತ್ತು. "ಪರೀಕ್ಷೆ ಪಾಸು ಮಾಡಿದವಳ ಕೆಲಸ ನೋಡು!" ಎಂದು ತಮ್ಮ ಬಿದ್ದು ಬಿದ್ದು ನಕ್ಕ. ಅವಳು ಪಿಂಗಾಣಿ ಕಪ್ಪೊಂದನ್ನು ಒಡೆದು, ತಂತಿ ಕೊಳವೆಗೆ ತಾಗದಂತೆ ಅದರ ಹಿಡಿಯನ್ನು ನಡುವೆ ಸಿಕ್ಕಿಸಿ ಮತ್ತೆ ಕಟ್ಟಿದಳು. ಆಮೇಲೆ ತಂತಿಯ ಮೇಲೆ ಎರಡು ದುಪ್ಪಟಿ, ನಾಲ್ಕು ದಿಂಬಿನ ಚೀಲ, ಒಂದು ಹಳೇ ಲಂಗ ಹರವಿದಳು.

ಕಾರ್ಯದರ್ಶಿ ಮೇಲೆ ಬಂದು ಸುತ್ತ ತಿರುಗಿ ನೋಡಿದರು. "ಇದು ಹಗ್ಗಾನಾ?"

"ಬಟ್ಟೆ ಒಣಗ್ತಿದೆಯಲ್ಲ. ಇನ್ನೇನು ಅನ್ನಬೇಕು ಅದಕ್ಕೆ?"

ಅವರು ಲಂಗದ ಕಡೆ ನೋಡಲಾಗದೆ ಇಳಿದುಹೋದರು. ಟೀವಿ ಮಾತ್ರ ತಂತಿ ಇಲ್ಲದ ಆ ಒಂದು ದಿನವೂ ಬಿಟ್ಟುಬಿಟ್ಟೇ ಬಂದಿತ್ತು. ಅದನ್ನು ಯಾರೂ ಸಭೆಯಲ್ಲಿ ಎತ್ತಲಿಲ್ಲ. ಅಂದಿನಿಂದ ಕೊನೆಯವರೆಗೂ ಆ ತಂತಿ ಬರಿದಾಗಿ ಇದ್ದದ್ದನ್ನು ನಾನು ಕಾಣೆ. ಒಗೆಯಲು ಏನೂ ಇಲ್ಲದ ದಿನ ಒಗೆದದ್ದನ್ನೇ ನೆನೆಸಿ ತಂದು ಹಾಕುತ್ತಿದ್ದಳು.

ಅವಳ ಹೃದಯ ನಿಂತದ್ದು ಒಂದು ಮಧ್ಯಾಹ್ನ, ಸೆಟ್ಟಿನ ಮುಂದೆಯೇ. ಇಯರ್‌ಫೋನ್ ತೆಗೆದವಳು ನಾನು. ಒಳಗೆ ಯಾರೋ ಹೆಂಗಸು ನಿಧಾನವಾಗಿ ಏನನ್ನೋ ಓದುತ್ತಿದ್ದಳು. ನಾನು ಸೆಟ್ಟು ಆರಿಸಲಿಲ್ಲ. ತಂತಿಯ ಮೇಲೆ ಅವಳ ಸೀರೆ ಇನ್ನೂ ಒದ್ದೆಯಿತ್ತು.

ಸೆಟ್ಟನ್ನು ಏನು ಮಾಡುವುದೆಂದು ತಮ್ಮನನ್ನು ಕೇಳಿದೆ. "ಇನ್ಮೇಲೆ ನೀವೇ ಇಟ್ಕೊಂಡು ಕೇಳಿ ಅಕ್ಕಾ," ಎಂದ. ಪರವಾನಗಿಗೆ ನಾನೂ ಈಗ ಓದುತ್ತಿದ್ದೇನೆ, ಈ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವನೇ ಸಂಜೆ ಬಂದು ಸೆಟ್ಟು ಹಚ್ಚುತ್ತಾನೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಬಿರಡೆ ಇದ್ದಲ್ಲೇ ಇದೆ. ಸಿಳ್ಳೆ ಸಾಯಿಸುವುದು ನನ್ನ ಕೈಗೆ ಇನ್ನೂ ಹತ್ತಿಲ್ಲ.

ಆ ದಿನ ತಂತಿಯ ಮಾತೆತ್ತಿದ ಕಾರ್ಯದರ್ಶಿ ಬಾಗಿಲಲ್ಲಿ ನಿಂತೇ ಇದ್ದರು. ನಾನು ಒಳಗೆ ಹೋಗಿ, ಕಪಾಟಿನಲ್ಲಿ ಮಡಿಸಿಟ್ಟಿದ್ದ ಶುಭ್ರ ದುಪ್ಪಟಿಗಳನ್ನೆಲ್ಲ ಬಕೆಟ್ಟಿಗೆ ತುಂಬಿ, ನಲ್ಲಿ ಬಿಟ್ಟು ನೆನೆಸಿ, ಸೊಂಟಕ್ಕೇರಿಸಿಕೊಂಡು ಅವರ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿದೆ. ಅವರೂ ಹಿಂದೆ ಬಂದರು.

"ಏನಮ್ಮಾ ಇದು?"

"ಬಟ್ಟೆ ಹಾಕ್ತಿದ್ದೀನಿ ಸ್ವಾಮಿ."

"ಇವು ಒಣಗೋದು ಯಾವಾಗ? ತಂತಿ ತೆಗೆಯೋಕೆ ಆಳು ಕರೆಸಬೇಕು ನಾನು."

"ಒಣಗಿದ ತಕ್ಷಣ ಮತ್ತೆ ಒಗೀತೀನಿ," ಎಂದೆ. "ಆ ತುದಿ ಸ್ವಲ್ಪ ಹಿಡ್ಕೊಳ್ಳಿ, ನೆಲಕ್ಕೆ ತಾಗ್ತಿದೆ."

ಪಾಪ, ಹಿಡಿದುಕೊಂಡರು.