ಮರಮ್ಮನ ಮಗಳ ಮೆಣಸಿನ ಸಸಿಗಳು

ದೇವೀರಮ್ಮನ ತಾತ ಅಂಕಯ್ಯ ಸರಗೂರು ಕಡೆಯಿಂದ ರಾವಂದೂರಿಗೆ ನಡೆದೇ ಬಂದು, ಕಲ್ಲುನೆಲವನ್ನು ಹಾರೆಯಿಂದ ಬಗೆದು ಹೊಲ ಮಾಡಿದವನು. ಅಜ್ಜಿ ಚಿಕ್ಕಮ್ಮ ಆ ದಾರಿಯುದ್ದಕ್ಕೂ ಗಿಡ್ಡ ಮೆಣಸಿನಕಾಯಿಯ ಬೀಜವನ್ನು ಸೆರಗಿನ ಗಂಟಿನಲ್ಲಿ ಹೊತ್ತು ತಂದವಳು. ತಾಯಿ ಮರಮ್ಮ ಮನೆ ಸೋರಿದ ವರ್ಷವಾಗಲಿ, ಸಾವು ಕಂಡ ವರ್ಷವಾಗಲಿ, ಆ ಬೀಜ ಹಾಕುವುದನ್ನು ತಪ್ಪಿಸಿದವಳಲ್ಲ. ಅದೇ ಬೀಜ ದೇವೀರಮ್ಮನ ಜೊತೆ ಕಂಪಲಾಪುರಕ್ಕೆ, ಗಂಡನ ಮನೆಗೆ ಬಂತು.

ಪುಷ್ಯದ ಚಳಿಗೆ ಹೆದರಿ ಅವಳು ಸಸಿಗಳನ್ನು ನಡುಮನೆಯಲ್ಲಿ, ಗಾಜಿನ ಹೆಂಚಿನ ಕೆಳಗೆ ಎಬ್ಬಿಸುತ್ತಿದ್ದಳು. ಮೇಲಿಂದ ಒಂದು ಹನಿ ನೀರು ಹಾಕುವಂತಿಲ್ಲ. ದೊಡ್ಡ ತಟ್ಟೆಯಲ್ಲಿ ಎರಡು ಬೆರಳು ನೀರು ಬಿಟ್ಟು, ತಳದಲ್ಲಿ ತೂತಿರುವ ಟ್ರೇಯನ್ನು ಅದರೊಳಗೆ ಇಡುವುದು. ಬೇಕಾದಷ್ಟನ್ನು ಬೇರುಗಳೇ ಕುಡಿಯುತ್ತವೆ. ದಿನಾ ಬೆಳಿಗ್ಗೆ ಟ್ರೇ ಎತ್ತಿ ನೋಡುವುದು. ಹಗುರವಾಗಿದ್ದರೆ ನೀರು, ಭಾರವಾಗಿದ್ದರೆ ಸುಮ್ಮನಿರುವುದು. ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದ ವಾರಗಿತ್ತಿ ಪ್ರೇಮಾಳಿಗೆ ಈ ಕೆಲಸವನ್ನು ಕೈಹಿಡಿದು ಕಲಿಸಿದ್ದಳು.

ಹೋದ ವರ್ಷ ಎಲೆಮುದುರು ರೋಗ ಬಡಿದು ಬೀಜಕ್ಕೆಂದು ಸಿಕ್ಕಿದ್ದು ನಾಲ್ಕೇ ಕಾಯಿ. ಇದ್ದಬದ್ದ ಬೀಜವೆಲ್ಲ ಈ ಸಲ ಒಂದೇ ಟ್ರೇಗೆ ಬಿದ್ದಿತ್ತು. ಅಷ್ಟರಲ್ಲಿ ಕಣ್ಣಿನ ಪೊರೆ ತೆಗೆಸಲು ಮೈಸೂರಿಗೆ ಹೋಗಿ ಎಂಟು ದಿನ ನಿಲ್ಲಬೇಕಾಯಿತು. ಟ್ರೇಯನ್ನು ಪ್ರೇಮಾಳ ಕೈಗೊಪ್ಪಿಸಿದಳು.

ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಹಾಗೇ ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ನಡುಮನೆಗೆ ಹೋದಳು.

"ನೋಡಕ್ಕ, ಒಂದೂ ಮಲಗಿಲ್ಲ. ನೀನಿದ್ದಿದ್ರೂ ಇಂಗೆ ಬತ್ತಿರ್ನಿಲ್ಲ!" ಎಂದು ಪ್ರೇಮಾ ನಕ್ಕಳು.

ದೇವೀರಮ್ಮ ಟ್ರೇ ಎತ್ತಿದಳು. "ಇದ್ಯಾಕಮ್ಮಿ ಇಷ್ಟು ಅಗುರ?"

"ಒಣಗಿರ್ಬೇಕು ಕಣಕ್ಕ."

ಬೆರಳು ಚುಚ್ಚಿದಳು. ಒದ್ದೆಯೇ ಇತ್ತು. ಆದರೆ ಅದು ಅವಳ ಕೆಮ್ಮಣ್ಣು ಗೊಬ್ಬರವಲ್ಲ, ನರ್ಸರಿಯವರು ತುಂಬುವ ತೆಂಗಿನ ನಾರಿನ ಪುಡಿ.

"ನಂದೆಲ್ಲಿ?"

ಪ್ರೇಮಾ ಕಂಬಕ್ಕೆ ಒರಗಿದಳು. "ಹುಣಸೂರಲ್ಲಿ ಮದ್ವೆ ಇತ್ತಲ್ಲಕ್ಕ. ಮೂರು ದಿನದ ನೀರ ಒಂದೇ ಸಲ ಮೇಲಿಂದ ಹುಯ್ದು ಓದೆ. ಬರೋವತ್ಗೆ ಬುಡ ಕೊಳ್ತು ಮಲಗ್ಬುಟ್ಟಿದ್ವು. ಇವ ಕೊಂಡ್ಕಂಡು ಬಂದೆ."

"ನಂಗೆ ಏಳ್ಬೋದಿತ್ತಲ್ಲಮ್ಮಿ."

"ಕಣ್ಗೆ ಪಟ್ಟಿ ಇರ್ತದೆ, ಗೊತ್ತಾಗಕಿಲ್ಲ ಅಂದ್ಕಂಡೆ."

ಸಸಿ ಸತ್ತ ಮಾತನ್ನು ದೇವೀರಮ್ಮ ಹೇಗೋ ನುಂಗಿಕೊಂಡಳು. 'ಗೊತ್ತಾಗಕಿಲ್ಲ' ಎಂದ ಮಾತನ್ನು ನುಂಗಲಾಗಲಿಲ್ಲ. ತನ್ನ ಕುರುಡನ್ನು ನೆಚ್ಚಿಕೊಂಡು ಮಗಳಂಥವಳು ನಗುನಗುತ್ತಾ ಎದುರಿಗೆ ನಿಂತಿದ್ದಳಲ್ಲ!

ಗೋಡೆ ಸವರುತ್ತಾ ಹಿತ್ತಿಲ ತಿಪ್ಪೆಗೆ ನಡೆದಳು. ಬಗ್ಗಬೇಡಿ ಎಂದು ಡಾಕ್ಟರು ಹೇಳಿದ್ದರು; ಬಗ್ಗಿದಳು. ಪ್ರೇಮಾ ಅಲ್ಲಿ ಸುರಿದಿದ್ದ ಟ್ರೇಯ ಮಣ್ಣನ್ನು ಕೈಯಲ್ಲೇ ಕೆದಕಿ ಒಂದೊಂದೇ ಸಸಿಯ ಬುಡ ಮುಟ್ಟಿ ನೋಡಿದಳು. ಎಲ್ಲವೂ ಲೋಳೆ. ಕೊನೆಗೆ ಎರಡು ಬುಡ ಬೆರಳಿಗೆ ಗಟ್ಟಿಯಾಗಿ ಸಿಕ್ಕವು. ಮಣ್ಣಿನ ಸಮೇತ ಎತ್ತಿ ತೆಂಗಿನ ಚಿಪ್ಪಿಗಿಟ್ಟಳು.

ಪ್ರೇಮಾ ಅಳುತ್ತಾ ಓಡಿಬಂದಳು. "ಬುಟ್ಬುಡಕ್ಕ, ಕಣ್ಗೆ ಧೂಳು ಬೀಳ್ತದೆ. ಕೊಡಿಲ್ಲಿ, ನಾನು ನೋಡ್ಕತೀನಿ. ನೀನು ಏಳ್ದಂಗೇ ನೀರು ಬುಡ್ತೀನಿ."

ದೇವೀರಮ್ಮ ಚಿಪ್ಪನ್ನು ಎದೆಗೆ ಒತ್ತಿಕೊಂಡಳು.

"ಬ್ಯಾಡ ಕಣಮ್ಮಿ. ಈ ಕಣ್ಣು ಓದ್ರೂ ಓಗ್ಲಿ, ಇವುಕ್ಕೆ ನೀರು ನಾನೇ ಬುಡ್ತೀನಿ. ನಿನ್ನ ಕೈ ಮಾತ್ರ ಬ್ಯಾಡ."